ಹೆಂಡತಿಯರ ಸಾಲು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕೆಂಡ ಎಂದು. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುವವಳು ಅನ್ನುವುದು ಹೊರಗಿನ ಕಾರಣ. ನಿಜವಾದ ಕಾರಣ ಬೇಕಿದ್ದವರು ಅವಳೆದುರು ನಿಂತು, ಈ ಅಂಗಿಯ ಕಾಲರ್ ಸರಿಯಾಗಿ ಕೂತಿಲ್ಲ ಎಂದು ಒಮ್ಮೆ ಹೇಳಿ ನೋಡಬೇಕಿತ್ತು. ನಾನು ಪಕ್ಕದ ಅಂಗಡಿಯ ಟೇಲರ್. ನನ್ನ ಹೊಲಿಗೆ ಯಂತ್ರಕ್ಕೂ ಅವಳ ಇಸ್ತ್ರಿ ಮೇಜಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ, ಅದೂ ಬಿರುಕು ಬಿಟ್ಟದ್ದು. ಹಾಗಾಗಿ ಅವರ ಮನೆಯ ಸುದ್ದಿ ನನಗೆ ಗೊತ್ತಿರುವುದರಲ್ಲಿ ನನ್ನ ತಪ್ಪೇನೂ ಇಲ್ಲ. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕೊಡಲಿಲ್ಲ, ಅದಕ್ಕೆ ನಾನೇನು ಮಾಡಲಿ.

ಆ ಅಂಗಡಿಯಲ್ಲಿ ಇದ್ದವರು ಇಬ್ಬರೇ, ಕೆಂಡ ಮತ್ತು ಅವಳ ಅತ್ತೆ. ಒಗೆಯುವುದು ಅತ್ತೆ, ಇಸ್ತ್ರಿ ಮಾಡುವುದು ಸೊಸೆ, ಜಗಳ ಮಾತ್ರ ಇಬ್ಬರ ಪಾಲುದಾರಿಕೆ. ನೀರು ದಂಡ ಮಾಡಿದೆ ಎಂದು ಇವಳು, ಇದ್ದಿಲು ಸುಮ್ಮನೆ ಸುಟ್ಟೆ ಎಂದು ಅವಳು. ಇಂಥ ಜಗಳ ಕೇಳಿ ನಾನು ಗುಂಡಿ ಹೊಲಿಯುತ್ತಾ ನಗುತ್ತಿದ್ದೆ. ಆದರೆ ಜಗಳ ಜೋರಾದಾಗ ಮುದುಕಿ ಒಂದು ಮಾತು ಎತ್ತಿ ಹಾಕುತ್ತಿದ್ದಳು.

“ಈ ಮನೆಗೆ ಆ ರೋಗ ತಂದವಳು ನೀನು. ನನ್ನ ಮಗನನ್ನ ತಿಂದ್ಕೊಂಡವಳು ನೀನು.”

ಅಷ್ಟಾದ ಮೇಲೆ ಹಲಗೆಯ ಆ ಕಡೆಯಿಂದ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿಗೆ ಕುಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ಮಗ ಅಂದರೆ ಕೆಂಡಳ ಗಂಡ. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಆಳು ಎತ್ತರ, ಮಾತು ಮೆತ್ತಗೆ, ಬೀದಿಯ ನಾಯಿಗೂ “ಸ್ವಲ್ಪ ಸರ್ಕೊಳಪ್ಪ” ಅನ್ನುವ ಜಾತಿ. ಒಂದು ದಿನ ಮೂಟೆಗಳ ರಾಶಿ ಜರಿದು ಅವನ ಬಲ ಹೆಗಲು ಜಖಂ ಆಯಿತು. ಕೆಲಸ ಬಿಟ್ಟರೆ ಹೊಟ್ಟೆಗೇನು ಎಂದು ಮುಲುಗುತ್ತಲೇ ಹೋಗುತ್ತಿದ್ದ. ಕೆಲವು ವಾರ ಕಳೆದ ಮೇಲೆ ನೋವಿನ ಮಾತೇ ನಿಂತುಹೋಯಿತು. ಆಗಲೇ ನನ್ನ ಹತ್ತಿರ ಬಂದು ತುಂಬುತೋಳಿನ ಅಂಗಿಗಳನ್ನು ಹೊಲಿಸಿಕೊಂಡ. ಸೆಖೆಗೆ ರಸ್ತೆಯ ಡಾಂಬರು ಕರಗುವ ಕಾಲ.

“ಬೆಂದು ಹೋಗ್ತೀಯಲ್ಲೋ ಮಾರಾಯ, ಅರ್ಧ ತೋಳು ಸಾಕು,” ಅಂದೆ.

“ಮೂಟೆ ಚರ್ಮ ಉಜ್ಜುತ್ತೆ ಅಕ್ಕ,” ಅಂದ. ನಾನು ನಂಬಿದೆ. ಮೂಟೆ ಹೊರುವವನ ಮಾತು, ನಂಬದೆ ಏನು ಮಾಡುವುದು?

ಆ ಅಂಗಿಗಳ ವಿಷಯದಲ್ಲಿ ಮುದುಕಿಗೆ ಒಂದು ಹಟ ಹತ್ತಿತು. ಬೀದಿಯವರ ಬಟ್ಟೆ ತಾನು ಒಗೆದು ಸೊಸೆಯ ಕೈಗೆ ಕೊಡುವಳು, ಮಗನ ಅಂಗಿ ಮಾತ್ರ ಕೊಡುತ್ತಿರಲಿಲ್ಲ. ತಾನೇ ಬೇರೆ ಬಕೆಟ್ಟಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿಯನ್ನೂ ತಾನೇ ಹಾಕಿ ಮಡಚಿಡುತ್ತಿದ್ದಳು. “ನನ್ನ ಮಗನ ಅಂಗಿ, ನಾನು ನೋಡ್ಕೊತೀನಿ. ನೀನು ಊರವರದ್ದು ನೋಡು,” ಎನ್ನುವಳು. ನಾವೆಲ್ಲ ನಗುತ್ತಿದ್ದೆವು. ಹೆತ್ತವರಿಗೆ ಹೆಗ್ಗಣ ಮುದ್ದು, ಇವಳಿಗೆ ಹೆಗ್ಗಣದ ಅಂಗಿಯೂ ಮುದ್ದು ಎಂದು ನಾನೇ ಆಡಿಕೊಂಡಿದ್ದುಂಟು. ಕೆಂಡ ಕೂಡ ನಗುತ್ತಿದ್ದಳು, ಕೆಲಸ ಒಂದು ಕಡಿಮೆಯಾಯಿತಲ್ಲ ಎಂದು.

ಆಮೇಲೆ ಅವನಿಗೆ ಕೆಮ್ಮು ಹಿಡಿಯಿತು, ಜ್ವರ ಬಿಡಲಿಲ್ಲ, ಮೈ ಇಳಿಯಿತು. ಆಸ್ಪತ್ರೆಯಲ್ಲಿ ಎಚ್‌ಐವಿ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅವನು ಹೋದ ಮೇಲೆ ಕೆಂಡಳನ್ನೂ ಪರೀಕ್ಷೆ ಮಾಡಿದರು, ಅವಳಿಗೂ ಇತ್ತು. ಮುದುಕಿ ಅಂದಿನಿಂದಲೇ ಆ ಮಾತು ಶುರು ಮಾಡಿದಳು. ಅದಕ್ಕೆ ಅವಳ ಬಳಿ ಒಂದು ಆಧಾರವೂ ಇತ್ತು. ನಮ್ಮ ಬೀದಿಯ ಹಿಂದೆ ಒಂದು ಗಲ್ಲಿ ಇದೆ. ಅಲ್ಲಿ ಸಣ್ಣ ಸಣ್ಣ ಕೋಣೆಗಳಲ್ಲಿ ಮೈ ಮಾರಿ ಬದುಕುವ ಹೆಂಗಸರು ಇದ್ದಾರೆ. ಅವರ ಬಟ್ಟೆಗಳನ್ನು ತಲುಪಿಸಲು ಕೆಂಡ ಹೋಗುತ್ತಿದ್ದಳು, ಹೋದವಳು ಟೀ ಕುಡಿದು ಹರಟೆ ಹೊಡೆದು ಬರುತ್ತಿದ್ದಳು. “ಅವರ ಸಹವಾಸದಲ್ಲಿ ನೀನೂ ಏನು ಮಾಡಿದ್ಯೋ ಯಾರು ಕಂಡರು,” ಎನ್ನುವುದು ಮುದುಕಿಯ ವಾದ. ಆ ಹೆಂಗಸರ ದುಡ್ಡಿನಿಂದಲೇ ಅಂಗಡಿಯ ಅರ್ಧ ಒಲೆ ಉರಿಯುತ್ತಿತ್ತು ಎನ್ನುವುದು ವಾದದಲ್ಲಿ ಬರುತ್ತಿರಲಿಲ್ಲ.

ಕೆಂಡ ಮಾತ್ರೆ ತಪ್ಪದೆ ನುಂಗುತ್ತಿದ್ದಳು, ದುಡಿಯುತ್ತಿದ್ದಳು. ರೋಗಕ್ಕೆ ಅವಳು ಹೆದರಿದ್ದನ್ನು ನಾನು ನೋಡಿಲ್ಲ. ಆದರೆ ಆ ಒಂದು ಮಾತು ಅವಳನ್ನು ಒಳಗೇ ಕೊರೆಯುತ್ತಿತ್ತು. ಒಮ್ಮೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದಳು:

“ಅಕ್ಕ, ಸಾಯೋದಾದ್ರೆ ಸಾಯ್ತೀನಿ, ಅದೇನು ದೊಡ್ಡದಲ್ಲ. ಈ ಹೆಸರು ಹೊತ್ಕೊಂಡು ಮಾತ್ರ ಸಾಯಲ್ಲ. ಡಾಕ್ಟರ ಬಾಯಿಂದಲೇ ಅತ್ತೆಗೆ ಹೇಳಿಸ್ತೀನಿ. ನೀವು ನೋಡ್ತಾ ಇರಿ.”

“ಡಾಕ್ಟರಿಗೆ ಹೇಗೆ ಗೊತ್ತಾಗುತ್ತೆ ಮಾರಾಯ್ತಿ? ರೋಗಕ್ಕೇನು ವಿಳಾಸ ಬರೆದಿರ್ತಾರಾ?” ಅಂದೆ.

ಬರೆದಿರುತ್ತದಂತೆ. ಅದು ನಮಗೆ ತಿಳಿದದ್ದು ಆರೋಗ್ಯ ಕೇಂದ್ರಕ್ಕೆ ಒಬ್ಬ ಡಾಕ್ಟರಮ್ಮ ರಕ್ತದ ಅಧ್ಯಯನಕ್ಕೆಂದು ಬಂದಾಗ. ಮೊದಲ ದಿನ ಅಂಗಳದಲ್ಲಿ ಬೆಂಚು ಹಾಕಿಸಿ, ಬಂದವರಿಗೆಲ್ಲ ಅವರೇ ವಿವರಿಸಿದರು. “ಈ ವೈರಸ್ ಮೈಯೊಳಗೆ ತನ್ನ ನಕಲು ತಾನೇ ಮಾಡ್ತಾ ಹೋಗುತ್ತೆ. ಅವಸರದ ಕೆಲಸ, ಅದಕ್ಕೇ ಪ್ರತಿ ನಕಲಿನಲ್ಲೂ ಸಣ್ಣ ಸಣ್ಣ ತಪ್ಪು. ಒಬ್ಬರಿಂದ ಒಬ್ಬರಿಗೆ ಹೋದ ಹಾಗೆಲ್ಲ ಆ ತಪ್ಪುಗಳೂ ಜೊತೆಗೆ ಹೋಗ್ತವೆ. ಅವನ್ನ ಓದಿದ್ರೆ ಯಾವ ವೈರಸ್ ಯಾವ ಮನೆತನದ್ದು, ಯಾವುದು ಯಾವುದಕ್ಕೆ ನೆಂಟ ಅಂತ ತಿಳಿಯುತ್ತೆ,” ಎಂದರು.

ನನಗೆ ಥಟ್ಟನೆ ಅರ್ಥವಾಯಿತು. ನಾವು ಕಾಗದದ ನಮೂನೆ ಇಟ್ಟು ಅಂಗಿ ಕತ್ತರಿಸುತ್ತೇವೆ. ನಮೂನೆ ಕಳೆದು, ಹೊಲಿದ ಅಂಗಿಯನ್ನೇ ಇಟ್ಟು ಇನ್ನೊಂದು, ಅದನ್ನಿಟ್ಟು ಮತ್ತೊಂದು ಎಂದು ಕತ್ತರಿಸುತ್ತಾ ಹೋದರೆ ಹೆಗಲು ಎಲ್ಲೋ ಒಂದು ಬೆರಳು ಜಾರಿರುತ್ತದೆ. ಆಮೇಲೆ ಬರುವ ಎಲ್ಲ ಅಂಗಿಯಲ್ಲೂ ಅದೇ ಜಾರಿದ ಹೆಗಲು. ಯಾವ ಅಂಗಿ ಯಾವ ಟೇಲರನ ಅಂಗಡಿಯದು ಎಂದು ನಾನು ಹೆಗಲು ನೋಡಿಯೇ ಹೇಳಬಲ್ಲೆ.

ಡಾಕ್ಟರಮ್ಮನಿಗೆ ಬೇಕಿದ್ದದ್ದು ಯಾವ ಗುಂಪಿನಲ್ಲಿ ಯಾವ ಮನೆತನ ಓಡಾಡುತ್ತಿದೆ, ಯಾವುದಕ್ಕೆ ಯಾವ ಮಾತ್ರೆ ಹಿಡಿಯುತ್ತದೆ ಎನ್ನುವ ಲೆಕ್ಕ. ಅದಕ್ಕಾಗಿ ನಾಲ್ಕು ಸಾಲು ಮಾಡಿದ್ದರು. ಲಾರಿ ಓಡಿಸುವವರದ್ದು ಒಂದು, ಗಲ್ಲಿಯ ಹೆಂಗಸರದ್ದು ಒಂದು, ಗಂಡಸರ ಜೊತೆ ಸೇರುವ ಗಂಡಸರದ್ದು ಒಂದು, ನಶೆಗೆ ಸೂಜಿ ಚುಚ್ಚಿಕೊಳ್ಳುವವರದ್ದು ಒಂದು. ಒಂದೊಂದು ಸಾಲಿಗೆ ಒಂದೊಂದು ಬಣ್ಣದ ಚೀಟಿ, ರಕ್ತದ ಕೊಳವೆಗೂ ಅಂಟಿಸುತ್ತಾರೆ, ಕೈಗೆ ಕೊಡುವ ಕಾರ್ಡಿಗೂ ಅಂಟಿಸುತ್ತಾರೆ. ಗಲ್ಲಿಯವರದ್ದು ಕೆಂಪು.

ಕೆಂಡ ನನ್ನನ್ನೂ ಎಳೆದುಕೊಂಡು ಹೋಗಿ ಮೇಜಿನ ಮುಂದೆ ನಿಂತಳು. ಬರೆದುಕೊಳ್ಳುತ್ತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು, “ಯಾವ ಸಾಲು?”

“ಹೆಂಡತಿ,” ಅಂದಳು ಕೆಂಡ.

“ಹೆಂಡತಿಯರ ಸಾಲು ಇಲ್ಲಮ್ಮ.”

“ಯಾಕಿಲ್ಲ? ನಮಗೆ ಈ ರೋಗ ಆಕಾಶದಿಂದ ಉದುರಿತಾ?”

ಹುಡುಗಿ ಪಾಪದವಳು. “ಹೆಚ್ಚು ಅಪಾಯ ಇರೋ ಗುಂಪುಗಳು ಮಾತ್ರ ಈ ಸಲ, ಅಕ್ಕ. ನಾಲ್ಕರಲ್ಲಿ ಯಾವುದಾದ್ರೂ ಇದ್ರೆ ಹೇಳಿ,” ಅಂದಳು. ಕೆಂಡ ಅಲ್ಲೇ ನಿಂತಳು. ಹಿಂದಿನವರು ಗೊಣಗಿದರು. ಆಗ ಕೆಂಪು ಚೀಟಿಯ ಸಾಲಿನಿಂದ ಅತ್ತರಕ್ಕ ಕೂಗಿದಳು. ಅತ್ತರಕ್ಕ ಗಲ್ಲಿಯ ಹಿರಿಯಳು, ಅವಳ ಬಟ್ಟೆ ಇಸ್ತ್ರಿಗೆ ಬಂದ ದಿನ ನನ್ನ ಅಂಗಡಿಯೂ ಘಮಘಮ ಅನ್ನುತ್ತದೆ.

“ಬಾರೇ ಇಲ್ಲಿ, ನಮ್ಮ ಸಾಲಲ್ಲಿ ಜಾಗ ಇದೆ. ಇಲ್ಲಿ ಯಾರೂ ನಿನ್ನ ಗಂಡನ ಹೆಸರು ಕೇಳಲ್ಲ!”

ಹೆಂಗಸರು ಹೋ ಎಂದು ನಕ್ಕರು. ಕೆಂಡ ನಗಲಿಲ್ಲ. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದಳು. ನಾನು ಅವಳ ತೋಳು ಹಿಡಿದು, “ಬೇಡ ಕಣೇ. ಯಾವ ಹೆಸರು ಕಳ್ಕೊಳ್ಳೋಕೆ ಬಂದ್ಯೋ ಅದನ್ನೇ ಬರೆಸ್ಕೊಂಡು ಹೋಗ್ತೀಯಾ?” ಅಂದೆ.

“ಬಾವಿಗೆ ಇಳಿಯದೆ ಕೊಡ ಸಿಗಲ್ಲ ಅಕ್ಕ,” ಎಂದು ಹೋಗಿ ಅತ್ತರಕ್ಕನ ಹಿಂದೆ ನಿಂತಳು. ರಕ್ತ ಕೊಟ್ಟಳು. ಕೆಂಪು ಚೀಟಿಯ ಕಾರ್ಡನ್ನು ಕುಪ್ಪಸದೊಳಗೆ ತುರುಕಿಕೊಂಡು ಬಂದಳು.

ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಅವಳನ್ನು ಒಬ್ಬಳನ್ನೇ ಕರೆಸಿದರು. ಜೊತೆಗೆ ನಾನು ಇರಲಿ ಎಂದು ಕೆಂಡ ಹೇಳಿದ್ದರಿಂದ ನನ್ನನ್ನೂ ಒಳಗೆ ಬಿಟ್ಟರು. “ನಿಮಗೆ ಈಗಿನ ಮಾತ್ರೆ ಸರಿಯಾಗಿ ಹಿಡೀತಾ ಇಲ್ಲ. ಯಾಕೆ ಅಂತ ಈಗ ಗೊತ್ತಾಯ್ತು,” ಎಂದು ಶುರು ಮಾಡಿದರು. “ಗಲ್ಲಿಯವರಲ್ಲಿ, ಲಾರಿಯವರಲ್ಲಿ ಇರೋದು ಹೆಚ್ಚುಕಡಿಮೆ ಒಂದೇ ಮನೆತನ. ನಿಮ್ಮದು ಆ ಮನೆತನದ್ದಲ್ಲ. ನಿಮ್ಮದು ಸೂಜಿಯವರಲ್ಲಿ ಓಡಾಡ್ತಿರೋ ಮಿಶ್ರ ತಳಿ, ಎರಡು ಮನೆತನ ಬೆರೆತು ಹುಟ್ಟಿದ್ದು. ಅದಕ್ಕೆ ಬೇರೆ ಮಾತ್ರೆ ಬೇಕು, ಕೊಡ್ತೀವಿ. ನೀವು ಸೂಜಿ ತಗೊಳ್ತೀರಾ?”

“ಇಲ್ಲ.”

“ಹತ್ತಿರದವರು ಯಾರಾದ್ರೂ?”

ಕೆಂಡ ನನ್ನ ಕಡೆ ತಿರುಗಿದಳು. ನನಗೆ ತುಂಬುತೋಳಿನ ಅಂಗಿಗಳು ನೆನಪಾದವು. ಕರಗುವ ಡಾಂಬರು, ಇದ್ದಕ್ಕಿದ್ದಂತೆ ನಿಂತ ಹೆಗಲ ನೋವು ನೆನಪಾಯಿತು.

ಡಾಕ್ಟರಮ್ಮ ಒಳ್ಳೆಯವರು, ಅವಸರ ಮಾಡಲಿಲ್ಲ. “ಒಂದು ಮಾತು ನೆನಪಿಟ್ಕೊಳ್ಳಿ. ಇದು ಮನೆತನ ಹೇಳುತ್ತೆ, ಅಷ್ಟೇ. ಇಂಥವರಿಂದ ಇಂಥವರಿಗೆ ಬಂತು ಅಂತ ಬೆರಳು ತೋರಿಸಲ್ಲ. ನಾನೂ ತೋರಿಸಲ್ಲ,” ಎಂದರು.

ಹೊರಗೆ ಬಂದು ಬೇಲಿಯ ಪಕ್ಕ ನಿಂತು ಕೆಂಡ ಕಾರ್ಡು ತೆಗೆದಳು. ಡಾಕ್ಟರಮ್ಮ ಅದರ ಮೇಲೆ ತಳಿಯ ವಿಷಯ ಬರೆದಿದ್ದರು. ಅವಳು ಇಷ್ಟು ಕಾಲ ಬೇಡಿದ್ದು ಅದೇ. ಆದರೆ ಬರೆದದ್ದರ ಮೇಲೇ ಕೆಂಪು ಚೀಟಿ ಕೂತಿತ್ತು. ಇದನ್ನು ಅತ್ತೆಗೆ ತೋರಿಸಿದರೆ, ಅವಳು ಮೊದಲು ನೋಡುವುದೇ ಆ ಚೀಟಿಯನ್ನು.

“ಒಳಗೆ ಹೋಗಿ ನಿಜ ಹೇಳಿಬಿಡು,” ಅಂದೆ.

“ಹೇಳಿದ್ರೆ ನನ್ನ ರಕ್ತ ಲೆಕ್ಕಕ್ಕಿಲ್ಲ ಅಂತ ಚೆಲ್ಲಿಬಿಟ್ರೆ? ಆಗ ಮಾತ್ರೆನೂ ಹೋಯ್ತು, ಸಾಕ್ಷಿನೂ ಹೋಯ್ತು.” ಕಾರ್ಡನ್ನು ಒಳಗಿಟ್ಟಳು. ಅಳಲಿಲ್ಲ. ನನಗೆ ಅಳು ಬಂತು, ಮೂಗು ಒರೆಸಿಕೊಂಡೆ.

ಅವಳು ಸುಮ್ಮನಿದ್ದರೂ ಅವಳ ರಕ್ತ ಸುಮ್ಮನಿರಲಿಲ್ಲ. ಅಧ್ಯಯನದ ಫಲ ಏನು ಎಂದು ತಿಳಿಸಲು ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ಅದಕ್ಕೆ ಮೊದಲೇ ಬೀದಿಯಲ್ಲಿ ಸುದ್ದಿ ಹಬ್ಬಿತ್ತು. ಆರೋಗ್ಯ ಕಚೇರಿಯ ಸಾಹೇಬರು ಗಲ್ಲಿಯ ಕೋಣೆಗಳನ್ನು ಖಾಲಿ ಮಾಡಿಸುತ್ತಾರಂತೆ, ಸೂಜಿಯವರ ಕೆಟ್ಟ ತಳಿ ಗಲ್ಲಿಗೆ ಬಂದಿದೆಯಂತೆ. ಗಲ್ಲಿ ಖಾಲಿಯಾದರೆ ತನ್ನ ಒಗೆಯುವ ಕಲ್ಲೂ ಖಾಲಿ ಎಂದು ಗಾಬರಿಯಾಗಿ ಮುದುಕಿಯೂ ಸಭೆಗೆ ಹೊರಟಳು. ನಾವು ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ನಡುವೆ ನಾನು, ಅಭ್ಯಾಸದಂತೆ ಹಲಗೆಯ ಹಾಗೆ.

ಗೋಡೆಯ ಮೇಲೆ ಒಂದು ಮರದ ಚಿತ್ರ ಬಿತ್ತು. ಕೊಂಬೆಗಳ ತುದಿಯಲ್ಲಿ ಬಣ್ಣದ ಚುಕ್ಕೆಗಳು, ಒಂದೊಂದು ಚುಕ್ಕೆ ಒಬ್ಬೊಬ್ಬರ ರಕ್ತ, ಹೆಸರು ಯಾರದ್ದೂ ಇಲ್ಲ. ಒಂದು ದೊಡ್ಡ ಕೊಂಬೆಯಲ್ಲಿ ಗಲ್ಲಿಯವರ ಕೆಂಪು, ಲಾರಿಯವರ ಹಳದಿ ಕಲಸಿಕೊಂಡಿದ್ದವು. ಇನ್ನೊಂದು ಕೊಂಬೆ ಪೂರ್ತಿ ಸೂಜಿಯವರ ನೀಲಿ. ಆ ನೀಲಿಯ ನಡುವೆ, ಬಿಳಿ ಬಟ್ಟೆಗೆ ಬಿದ್ದ ಕಲೆಯ ಹಾಗೆ, ಒಂದೇ ಒಂದು ಕೆಂಪು ಚುಕ್ಕೆ.

ಸಾಹೇಬರು ಕೋಲಿನಿಂದ ಅದನ್ನೇ ಕುಟ್ಟಿದರು. “ನೋಡಿ. ಮಾತ್ರೆ ಹಿಡಿಯದ ತಳಿ ಗಲ್ಲಿಗೆ ಕಾಲಿಟ್ಟಿದೆ. ಅಲ್ಲಿಂದ ಲಾರಿಯವರಿಗೆ, ಅಲ್ಲಿಂದ ಊರಿಗೆಲ್ಲ. ಕೋಣೆಗಳನ್ನ ಮುಚ್ಚಲೇಬೇಕು.”

“ಒಂದು ಚುಕ್ಕೆ ಇಟ್ಕೊಂಡು ಇಷ್ಟು ದೂರ ಹೋಗೋಕಾಗಲ್ಲ, ಇನ್ನೂ ನೋಡ್ಬೇಕು,” ಎಂದರು ಡಾಕ್ಟರಮ್ಮ. ಸಾಹೇಬರು ಕೇಳಿಸಿಕೊಳ್ಳಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತರಕ್ಕ ಎದ್ದು, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ ಸಾಹೇಬ್ರೆ? ಗೋದಾಮಿನ ಹಿಂದೆ ಸೂಜಿ ಚುಚ್ಕೊಳ್ಳೋರು ನಿಮಗೆ ಕಾಣಲ್ಲ, ನಾವು ಮಾತ್ರ ಕಾಣ್ತೀವಿ. ನಾವು ಎಲ್ಲಿಗೆ ಹೋಗೋಣ?” ಎಂದಳು. ಅವಳನ್ನು ಕೂರಿಸಿದರು.

ನಾನು ಕೆಂಡಳ ಕಡೆ ನೋಡಿದೆ. ಅವಳು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎದ್ದರೆ ಊರಿಗೆಲ್ಲ ಅವಳ ರೋಗ ಗೊತ್ತಾಗುತ್ತದೆ, ಇಸ್ತ್ರಿಗೆ ಬಟ್ಟೆ ಬರುವುದು ನಿಲ್ಲಬಹುದು, ಪಕ್ಕದಲ್ಲೇ ಕೂತ ಅತ್ತೆಗೆ ಅವಳು ನಿಂತ ಸಾಲು ಯಾವುದೆಂದು ತಿಳಿಯುತ್ತದೆ. ಜನ್ಮವಿಡೀ ಆಡಿಕೊಳ್ಳಲು ಮುದುಕಿಗೆ ಅಷ್ಟು ಸಾಕು. ಕೆಂಡ ಒಮ್ಮೆ ಮೂಗಿನಿಂದ ಜೋರಾಗಿ ಉಸಿರು ಬಿಟ್ಟಳು. ಇಸ್ತ್ರಿ ಪೆಟ್ಟಿಗೆ ಎತ್ತುವ ಮುಂಚೆ ಅವಳು ಹಾಗೇ ಮಾಡುತ್ತಾಳೆ.

ಎದ್ದಳು. “ಆ ಚುಕ್ಕೆ ನಾನು,” ಅಂದಳು.

ಜನರೆಲ್ಲ ನಮ್ಮ ಬೆಂಚಿನ ಕಡೆ ತಿರುಗಿದರು.

“ನಾನು ಗಲ್ಲಿಯವಳಲ್ಲ. ಮುಂದಿನ ಬೀದಿಯ ಇಸ್ತ್ರಿ ಅಂಗಡಿಯವಳು. ಹೆಂಡತಿಯರಿಗೆ ಸಾಲು ಇಲ್ಲ ಅಂದ್ರು, ಅದಕ್ಕೆ ಅವರ ಸಾಲಲ್ಲಿ ನಿಂತೆ. ಸುಳ್ಳು ಹೇಳಿದವಳು ನಾನು, ಬಯ್ಯೋದಿದ್ರೆ ನನ್ನ ಬಯ್ಯಿರಿ. ಆ ಹೆಂಗಸರು ನನಗೆ ನಿಲ್ಲೋಕೆ ಜಾಗ ಕೊಟ್ರು, ಅಷ್ಟೇ ಅವರ ತಪ್ಪು. ನನ್ನ ಚುಕ್ಕೆ ತೋರಿಸಿ ಅವರ ಮನೆ ಮುಚ್ಚಬೇಡಿ.”

ಡಾಕ್ಟರಮ್ಮ ಕೈಯಲ್ಲಿದ್ದ ಕಾಗದ ಕೆಳಗಿಟ್ಟು ಅವಳನ್ನೇ ನೋಡಿದರು. ಸಾಹೇಬರ ಮುಖ ಮಾತ್ರ ಕೆಂಪಾಯಿತು. “ಆವತ್ತು ಒಂದು ಹೇಳಿದ್ರಿ, ಇವತ್ತು ಒಂದು ಹೇಳ್ತೀರಿ. ಇವತ್ತಿನದು ನಿಜ ಅಂತ ಯಾರು ಹೇಳ್ಬೇಕು? ಹೆಂಡತಿ ಅಂತೀರಿ. ಹಾಗಾದ್ರೆ ಸೂಜಿಯವರ ತಳಿ ನಿಮಗೆ ಎಲ್ಲಿಂದ ಬಂತು?”

ಕೆಂಡ ಇಷ್ಟು ವರ್ಷ ಕೂಗಿ ಹೇಳಬೇಕೆಂದಿದ್ದ ಉತ್ತರ ಅದು. ಆದರೆ ಸತ್ತವನ ಹೆಸರನ್ನು ಊರ ಮುಂದೆ, ಅವನ ತಾಯಿಯ ಎದುರು ಎಳೆಯಲು ಅವಳಿಂದ ಆಗಲಿಲ್ಲ. ಅವಳು ನಿಂತೇ ಇದ್ದಳು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ರೇಗಿ, ಎದ್ದು ಅವನ ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಅಷ್ಟರಲ್ಲಿ ನನ್ನ ಹೆಗಲ ಮೇಲೆ ಭಾರ ಬಿತ್ತು. ಮುದುಕಿ ನನ್ನನ್ನು ಊರಿಕೊಂಡು ಏಳುತ್ತಿದ್ದಳು.

“ನಾನು ಹೇಳ್ತೀನಿ,” ಅಂದಳು. “ಅವಳು ನನ್ನ ಸೊಸೆ. ತಳಿಗಿಳಿ ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋದು ಅಂಗಿ. ನನ್ನ ಮಗನ ಅಂಗಿ ತೋಳಲ್ಲಿ, ಒಳಗಡೆ, ಮೊಣಕೈ ಮಡಚೋ ಜಾಗದಲ್ಲಿ ರಕ್ತದ ಚುಕ್ಕೆ ಇರ್ತಿತ್ತು. ಇಷ್ಟಿಷ್ಟೇ. ಒಂದು ದಿನ ಎರಡು ದಿನ ಅಲ್ಲ. ನಾನು ಉಜ್ಜಿ ಉಜ್ಜಿ ತೆಗೀತಿದ್ದೆ. ಇವಳ ಕಣ್ಣಿಗೆ ಬೀಳಬಾರದು ಅಂತ ಇವಳ ಕೈಗೆ ಒಂದು ಅಂಗಿನೂ ಕೊಡಲಿಲ್ಲ. ಮಗನ ಮಾನ ಹೋಗುತ್ತೆ ಅಂತ ಅವನನ್ನೂ ಕೇಳಲಿಲ್ಲ. ಆಮೇಲೆ ಎಲ್ಲ ಇವಳ ತಲೆಗೆ ಕಟ್ಟಿದೆ. ಇವಳು ಹೇಳ್ತಿರೋದು ನಿಜ. ಬರ್ಕೊಳ್ಳಿ.”

ಕೂರಲು ಹೋದವಳು ಬೆಂಚು ತಪ್ಪಿ ಬೀಳುವಂತಾಗಿ, ನಾನು ಹಿಡಿದುಕೊಂಡೆ. ಅವಳ ಕೈ ಒಗೆದ ಬಟ್ಟೆಯ ಹಾಗೆ ತಣ್ಣಗಿತ್ತು. ಸಾಹೇಬರು ಕೋಲನ್ನು ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಎಲ್ಲರೆದುರಿಗೆ ಆ ಕೆಂಪು ಚುಕ್ಕೆಯನ್ನು ಗಲ್ಲಿಯ ಲೆಕ್ಕದಿಂದ ತೆಗೆಯುವುದಾಗಿ ಹೇಳಿದರು. ಗಲ್ಲಿ ಮುಚ್ಚುವ ಮಾತು ಅಲ್ಲಿಗೆ ನಿಂತಿತು.

ಅತ್ತೆ ಸೊಸೆ ತಬ್ಬಿಕೊಂಡು ಅತ್ತರು ಎಂದು ಬರೆದರೆ ನಿಮಗೆ ಹಿತವಾಗುತ್ತಿತ್ತೋ ಏನೋ. ಹಾಗೇನೂ ಆಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಕೆಂಡ ಒಂದೇ ಮಾತು ಕೇಳಿದಳು. “ಮೊದಲ ಚುಕ್ಕೆ ಕಂಡ ದಿನವೇ ನನಗೆ ಹೇಳಿದ್ರೆ, ಅತ್ತೆ, ನಾನು ಅವರನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ. ಅವರು ಉಳೀತಿದ್ರೋ ಏನೋ. ನನಗೂ ಬರ್ತಿರಲಿಲ್ವೋ ಏನೋ. ಗೊತ್ತಾ ನಿಮಗೆ?” ಮುದುಕಿ ತಲೆ ತಗ್ಗಿಸಿ ನಡೆದಳು. ಅವಳಿಗೆ ಗೊತ್ತಿತ್ತು. ಪ್ರತಿ ಜಗಳದಲ್ಲೂ ಆ ಮಾತನ್ನು ಅಷ್ಟು ಜೋರಾಗಿ ಎತ್ತಿ ಹಾಕುತ್ತಿದ್ದದ್ದು ಅದಕ್ಕೇ ಎಂದು ನನಗೆ ಆಗ ಹೊಳೆಯಿತು.

ಆಮೇಲೆ ಹಲಗೆಯ ಆ ಕಡೆ ಜಗಳವೇ ನಿಂತುಹೋಯಿತು. ಕೆಲವು ಗಿರಾಕಿಗಳು ಬಟ್ಟೆ ತರುವುದು ಬಿಟ್ಟರು, ಬೇರೆ ಕಡೆ ಕಾಲರ್ ಸುಟ್ಟುಕೊಂಡು ಅರ್ಧಕ್ಕರ್ಧ ವಾಪಸ್ ಬಂದರು. ಗಲ್ಲಿಯವರು ಮಾತ್ರ ತೊಳೆದ ಬಟ್ಟೆಯನ್ನೂ ಮತ್ತೆ ತಂದು ಹಾಕಿದರು. ಹೊಸ ಮಾತ್ರೆ ಹಿಡಿಯಿತು, ಕೆಂಡಳ ಮುಖಕ್ಕೆ ಕಳೆ ಬಂತು. ಡಾಕ್ಟರಮ್ಮ ಮುಂದಿನ ಸಲ ರಕ್ತ ತೆಗೆಯಲು ಬಂದಾಗ ಐದನೆಯ ಸಾಲು ಇತ್ತು, ಬಿಳಿ ಚೀಟಿ, ಹೆಂಡತಿಯರದ್ದು. ಅದರಲ್ಲಿ ಮೊದಲು ನಿಂತವಳು ಕೆಂಡ. ಸ್ವಲ್ಪ ಹೊತ್ತು ಒಬ್ಬಳೇ ನಿಂತಿದ್ದಳು. ಮೆಲ್ಲನೆ ಹಿಂದೆ ಒಬ್ಬಳು ಬಂದಳು, ಆಮೇಲೆ ಇನ್ನೊಬ್ಬಳು. ನೋಡುತ್ತಾ ನೋಡುತ್ತಾ ಅದು ಗೇಟಿನ ತನಕ ಬೆಳೆಯಿತು. ಕೆಂಡ ಎದೆ ಸೆಟೆದು ನಿಂತದ್ದನ್ನು ನೋಡಿ ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ಅದೇ ದಿನ ಸಂಜೆ ಮುದುಕಿ ಅಳುತ್ತಿದ್ದದ್ದು ಬಿರುಕಿನಿಂದ ಕೇಳಿಸಿತು. ಕೆಂಡ ಪೆಟ್ಟಿಗೆ ಕೆಳಗಿಟ್ಟು ಹೇಳಿದಳು, “ಅಳಬೇಡಿ ಅತ್ತೆ. ನೀವು ಅತ್ರೆ ನನಗೇನೂ ವಾಪಸ್ ಬರಲ್ಲ. ಕ್ಷಮಿಸು ಅನ್ನಬೇಡಿ, ನನಗೆ ಇನ್ನೂ ಆಗ್ತಿಲ್ಲ. ಒಂದು ಮಾಡಿ. ಈ ಬೀದಿಯ ಅಂಗಿಯೆಲ್ಲ ನಿಮ್ಮ ಕೈ ಮೇಲೇ ಹೋಗುತ್ತೆ. ಇನ್ನೊಂದು ಚುಕ್ಕೆ ಕಂಡ್ರೆ ತೊಳೆದು ಹಾಕ್ಬೇಡಿ.”

ಮುದುಕಿಯ ಅಳು ನಿಂತಿತು.

ಹೋದ ವಾರ ಎದುರು ಮನೆಯಿಂದ ಒಂದು ಬುಟ್ಟಿ ಬಟ್ಟೆ ಬಂತು. ಆ ಮನೆಯಲ್ಲಿ ತಾಯಿ, ಮಗ, ಹೊಸದಾಗಿ ಬಂದ ಸೊಸೆ. ಮುದುಕಿ ಕಲ್ಲಿನ ಮುಂದೆ ಕೂತು ಅಂಗಿಯ ತೋಳುಗಳನ್ನು ಒಳಗು ಹೊರಗು ಮಾಡುತ್ತಿದ್ದಳು, ಈಗ ಅದೇ ಅವಳ ಪದ್ಧತಿ. ಒಂದು ತುಂಬುತೋಳಿನ ಅಂಗಿಗೆ ಬಂದಾಗ ಕೈ ನಿಂತಿತು. ಬೆಳಕಿಗೆ ಹಿಡಿದು ನೋಡಿದಳು. ಸೋಪು ಅಲ್ಲೇ ಇತ್ತು, ನೀರೂ ಇತ್ತು. ಕೆಂಡ ಮೇಜಿನ ಹಿಂದಿನಿಂದ ನೋಡುತ್ತಿದ್ದಳು. ಮುದುಕಿ ಆ ಅಂಗಿಯನ್ನು ನೆನೆಸದೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು.

“ನಾನೂ ಬರ್ಲಾ ಅತ್ತೆ?”

“ಬೇಡ. ಇದು ನಾನು ಮಾಡ್ಬೇಕಾದ ಕೆಲಸ.”

ಮಂಡಿ ಹಿಡಿದುಕೊಂಡು, ಗಾಡಿಗಳನ್ನು ನೋಡಿಕೊಂಡು ರಸ್ತೆ ದಾಟಿದಳು. ನಾನು ಯಂತ್ರ ನಿಲ್ಲಿಸಿದೆ. ಅವಳು ಬಾಗಿಲು ತಟ್ಟಿದಳು, ಮತ್ತೆ ತಟ್ಟಿದಳು. ಆ ಮನೆಯ ತಾಯಿ ಬಾಗಿಲು ತೆರೆದು, “ಇಷ್ಟು ಬೇಗ ಒಗೆದಾಯ್ತಾ ಅಜ್ಜಿ?” ಎಂದಳು.

“ಒಗೆದಿಲ್ಲಮ್ಮ. ಒಗೆಯೋಕೆ ಮುಂಚೆ ನಿಮಗೆ ಇದನ್ನ ತೋರಿಸ್ಬೇಕು,” ಎಂದು ಅಜ್ಜಿ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದರು. “ನಿಮ್ಮ ಸೊಸೆಯನ್ನೂ ಕರೀರಿ.”